ಬಟನ್ ಒತ್ತಿದ ಕೂಡಲೇ

ವಿಡಿಯೊ ಗೇಮ್ ಎಂದರೆ ಒಂದು ಬಟನ್, ಒಂದು ಪರದೆ, ಎರಡರ ನಡುವೆ ಒಂದು ನಿಯಮ. ಮಿಕ್ಕದ್ದೆಲ್ಲ ಅಲಂಕಾರ. ಮೆಲ್ಲಗೆ ಒತ್ತಿ ಬಿಟ್ಟರೆ ಮಾರಿಯೋ ಗೇಣುದ್ದ ನೆಗೆಯುತ್ತಾನೆ, ಒತ್ತಿ ಹಿಡಿದರೆ ಆಳೆತ್ತರಕ್ಕೆ ಹಾರುತ್ತಾನೆ. ಮೊದಲ ಸಲವೂ ಅಷ್ಟೆ, ಸಾವಿರದ ಸಲವೂ ಅಷ್ಟೆ. 1990ರ ದಶಕದಲ್ಲಿ ಟೀವಿಗೆ ಸಿಕ್ಕಿಸುವ ಗೇಮುಗಳಲ್ಲಿ ಕೈ ಪಳಗಿಸಿಕೊಂಡು ಈಗ ನಲವತ್ತರ ಆಚೀಚೆ ಇರುವ ಆಟಗಾರರಿಗೆ, ಮನೆಯ ಬೇರೆ ಯಂತ್ರಗಳನ್ನೂ ಇದೇ ಅಳತೆಗೆ ಹಿಡಿಯುವ ಅಭ್ಯಾಸ ಹೋಗಿಲ್ಲ. ಸ್ಮಾರ್ಟ್ ಟೀವಿಯ ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದರೆ ಎರಡನ್ನೂ ಒಟ್ಟಿಗೆ ನಡೆಸಿ ಬೇಡದ ಕಡೆ ಹೋಗಿ ನಿಲ್ಲುತ್ತದೆ. ‘ಸ್ವಲ್ಪ ತಾಳ್ಮೆ ಇರಲಿ’ ಎನ್ನುತ್ತಾರೆ ಮನೆಯವರು. ಹಳೆಯ ಆಟಗಾರರ ಪ್ರಕಾರ ತಾಳ್ಮೆ ಬೇಕಾದದ್ದು ಸೋತಾಗ, ಮೆನು ತೆರೆಯುವಾಗ ಅಲ್ಲ.

ಈ ಸಿಡುಕಿನ ಹಿಂದೆ ಲೆಕ್ಕವಿದೆ. ಆ ಕಾಲದ ಗೇಮ್ ಯಂತ್ರಗಳು ಜಪಾನ್, ಅಮೆರಿಕಗಳಲ್ಲಿ ಸೆಕೆಂಡಿಗೆ 60 ಸಲ, ಭಾರತದ ಟೀವಿ ಪದ್ಧತಿಯಲ್ಲಿ 50 ಸಲ ಪರದೆಯನ್ನು ಹೊಸದಾಗಿ ಬರೆಯುತ್ತಿದ್ದವು. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಹೆಚ್ಚೆಂದರೆ 20 ಮಿಲಿಸೆಕೆಂಡ್. ಯಂತ್ರಕ್ಕೆ ಬೇರೆ ಕೆಲಸವೇ ಇರಲಿಲ್ಲ. ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿರಲಿಲ್ಲ, ಯಾರು ಏನು ನೋಡಿದರೆಂದು ಎಲ್ಲಿಗೋ ವರದಿ ಹೋಗುತ್ತಿರಲಿಲ್ಲ. ದಪ್ಪ ಗಾಜಿನ ಟೀವಿಯೂ ಬಂದ ಸಿಗ್ನಲ್ಲನ್ನು ಬಂದ ಹಾಗೇ ತೋರಿಸಿಬಿಡುತ್ತಿತ್ತು. ಈಗಿನ ಚಪ್ಪಟೆ ಟೀವಿ ಪ್ರತಿ ಚಿತ್ರವನ್ನೂ ಹಿಡಿದಿಟ್ಟುಕೊಂಡು, ಅಂಚು ಚೂಪು ಮಾಡಿ, ಬಣ್ಣ ಏರಿಸಿ, ಎರಡು ಚಿತ್ರಗಳ ನಡುವೆ ತಾನೇ ಒಂದನ್ನು ಕಲ್ಪಿಸಿ ಸೇರಿಸಿ ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಈ ತಡ ಗೊತ್ತಾಗುವುದಿಲ್ಲ. ಗೇಮ್ ಆಡುವವರ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಅದಕ್ಕೇ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ‘ಗೇಮ್ ಮೋಡ್’ ಎಂದೊಂದು ಇರುತ್ತದೆ. ಅದು ಮಾಡುವ ದೊಡ್ಡ ಉಪಕಾರವೆಂದರೆ ಈ ಸಿಂಗಾರವನ್ನೆಲ್ಲ ನಿಲ್ಲಿಸುವುದು.

ಹಳೆಯ ಟೀವಿಗೂ ಗೇಮಿಗೂ ಇದ್ದ ಈ ನಿಕಟತೆಯನ್ನು ‘ಡಕ್ ಹಂಟ್’ನ ಬಂದೂಕಿನಲ್ಲಿ ನೋಡಬೇಕು. 1984ರಲ್ಲಿ ನಿಂಟೆಂಡೊ ತಂದ ಈ ಆಟದಲ್ಲಿ ಪ್ಲಾಸ್ಟಿಕ್ ಬಂದೂಕನ್ನು ಪರದೆಯ ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದರೆ ಹಕ್ಕಿ ಬೀಳುತ್ತಿತ್ತು. ಬಂದೂಕಿನಿಂದ ಟೀವಿಗೆ ಏನೋ ಹಾರುತ್ತದೆ ಎಂದು ನಂಬದ ಮಕ್ಕಳಿರಲಿಲ್ಲ. ನಡೆಯುತ್ತಿದ್ದದ್ದು ತಿರುಗಾಮುರುಗಾ. ಕುದುರೆ ಎಳೆದ ಕ್ಷಣ ಇಡೀ ಪರದೆ ಒಮ್ಮೆ ಕಪ್ಪಾಗುತ್ತದೆ. ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಎರಡು ಹಕ್ಕಿಗಳಿದ್ದರೆ ಒಂದಾದ ಮೇಲೊಂದು ಚೌಕ. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಸೆನ್ಸರ್ ಮೊದಲು ಕತ್ತಲನ್ನೂ ಆಮೇಲೆ ಬೆಳಕನ್ನೂ ಕಂಡರೆ ಗುರಿ ಸರಿ. ಮನೆಯ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಲು ನೋಡಿದವರಿಗೆ ಆ ಕಪ್ಪು ಪರದೆಯೇ ಅಡ್ಡ ಬರುತ್ತಿತ್ತು. ಬಂದೂಕು ಹೊಡೆಯುವುದಿಲ್ಲ, ನೋಡುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕಾದ್ದರಿಂದ, ಬಿಳಿ ಚೌಕವನ್ನು ತಡವಾಗಿ ತೋರಿಸುವ ಇಂದಿನ ಎಲ್‌ಸಿಡಿ ಟೀವಿಯಲ್ಲಿ ಆ ಬಂದೂಕಿಗೆ ಒಂದು ಹಕ್ಕಿಯೂ ಬೀಳುವುದಿಲ್ಲ. ಹೊಸದು ಎಂಬ ಕಾರಣಕ್ಕೇ ಎಲ್ಲದರಲ್ಲೂ ಮೇಲು ಎನ್ನುವವರಿಗೆ ಇದಕ್ಕಿಂತ ಚುಟುಕಾದ ಉತ್ತರ ಬೇರಿಲ್ಲ.

ಹಳೆಯ ಆಟಗಳ ಬಿಗಿಗೆ ಬಡತನವೂ ಕಾರಣ. ‘ಸೂಪರ್ ಮಾರಿಯೋ ಬ್ರದರ್ಸ್’ 1985ರಲ್ಲಿ ಬಂದಾಗ ಇಡೀ ಆಟ ಕೂತದ್ದು 40 ಕಿಲೋಬೈಟ್‌ನಲ್ಲಿ. ಬೆಳಗಾದರೆ ವಾಟ್ಸಾಪ್‌ಗೆ ಬಂದು ಬೀಳುವ ‘ಶುಭೋದಯ’ದ ಗುಲಾಬಿ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಜಾಗ ಸಾಲದೆ ಆ ಆಟದ ಮೋಡಗಳನ್ನೂ ಪೊದೆಗಳನ್ನೂ ಒಂದೇ ಚಿತ್ರದಿಂದ ಮಾಡಿದರು: ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಮಾರಿಯೋಗೆ ಮೀಸೆ, ಟೋಪಿ ಬಂದದ್ದೂ ಅಂದಕ್ಕಲ್ಲ. ಬೆರಳೆಣಿಕೆಯ ಚುಕ್ಕೆಗಳಲ್ಲಿ ಬಾಯಿ, ತಲೆಗೂದಲು ಬಿಡಿಸಲು ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊಗೆ ಆಗಲಿಲ್ಲ. 1978ರ ‘ಸ್ಪೇಸ್ ಇನ್‌ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗವಾಗಿ ಬರುತ್ತಾರೆ. ಎದೆ ಡವಗುಟ್ಟಿಸುವ ಈ ಏರ್ಪಾಡು ಮೊದಲು ಯಾರೂ ಯೋಚಿಸಿ ಮಾಡಿದ್ದಲ್ಲ. ಪರದೆಯ ಮೇಲೆ ಬರೆಯಬೇಕಾದದ್ದು ಕಡಿಮೆಯಾದಷ್ಟೂ ಪ್ರೊಸೆಸರ್ ಚುರುಕಾಗುತ್ತಿತ್ತು. ಆಟ ಮಾಡಿದ ಟೊಮೊಹಿರೊ ನಿಶಿಕಾಡೊ ಅದನ್ನು ತಿದ್ದಲಿಲ್ಲ, ಹಾಗೇ ಬಿಟ್ಟರು. ಟೆಟ್ರಿಸ್ ಅಂತೂ 1984ರಲ್ಲಿ ಮಾಸ್ಕೊದ ಸಂಶೋಧನಾ ಕೇಂದ್ರವೊಂದರ ಎಲೆಕ್ಟ್ರಾನಿಕಾ 60 ಕಂಪ್ಯೂಟರಿನಲ್ಲಿ ಹುಟ್ಟಿತು. ಆ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಆಟ ಕಟ್ಟಿದ ಅಲೆಕ್ಸಿ ಪಜಿತ್ನೋವ್ ಕೀಬೋರ್ಡಿನ ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆ ಮಾಡಿಕೊಂಡರು.

ನಿಂಟೆಂಡೊದ ಗುನ್‌ಪೇ ಯೊಕೊಯ್ ಇದನ್ನೇ ಒಂದು ಸಿದ್ಧಾಂತ ಮಾಡಿಕೊಂಡಿದ್ದರು. ಬೆಲೆ ಇಳಿದ, ದೋಷಗಳೆಲ್ಲ ಗೊತ್ತಾದ, ಬೇರೆಯವರು ಹಳತೆಂದು ಬದಿಗಿಟ್ಟ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚಬೇಕು ಎಂಬುದು ಅವರ ವಾದ. 1989ರ ಗೇಮ್ ಬಾಯ್‌ನಲ್ಲಿ ಬಣ್ಣವಿರಲಿಲ್ಲ, ಪರದೆಗೆ ಬೆಳಕಿರಲಿಲ್ಲ; ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಎದುರಾಳಿ ಸೆಗಾದ ಗೇಮ್ ಗಿಯರ್‌ಗೆ ಬಣ್ಣ, ಬೆಳಕು ಎಲ್ಲ ಇತ್ತು, ಆರು ಸೆಲ್ ನುಂಗಿ ಕೆಲವೇ ಗಂಟೆಗಳಲ್ಲಿ ಮಲಗುತ್ತಿತ್ತು. ಗೆದ್ದದ್ದು ಯಾವುದೆಂದು ಹೇಳಬೇಕಿಲ್ಲ. ಬೀಳಿಸಿದರೂ ಒಡೆಯದ, ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತಿದ್ದ ನೋಕಿಯಾ ಫೋನುಗಳೂ ಅದರೊಳಗಿನ ‘ಸ್ನೇಕ್’ ಆಟವೂ ಇದೇ ಜಾತಿಯವು. ಬಸ್ ಎಲ್ಲಿದೆ ಎಂದು ನೋಡಲು, ಕರೆಂಟ್ ಬಿಲ್ ಕಟ್ಟಲು ಒಂದೊಂದು ಆ್ಯಪ್ ಹಾಕಿಕೊಂಡು, ಒಂದೊಂದೂ ನೂರಾರು ಎಂಬಿ ತಿಂದು, ತೆರೆದಾಗ ಮೊದಲು ತನ್ನದೇ ಲೋಗೊ ಕುಣಿಸುವುದನ್ನು ಕಂಡಾಗ ಹಳೆಯ ಆಟಗಾರರಿಗೆ ನೆನಪಾಗುವುದು ಆ 40 ಕಿಲೋಬೈಟ್.

ಹಾಗೆಂದು ದೊಡ್ಡ ಯಂತ್ರಗಳ ಮೇಲೆ ಅವರಿಗೆ ಹಗೆಯೇನಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳನ್ನು ಸಾಕಿ ಬೆಳೆಸಿದವರೇ ಅವರು. ಎನ್‌ವಿಡಿಯಾ 1999ರಲ್ಲಿ ‘ಜಿಫೋರ್ಸ್ 256’ ಮಾರಿದಾಗ ಕೊಂಡವರು ವಿಜ್ಞಾನಿಗಳಲ್ಲ, ‘ಕ್ವೇಕ್’ ಆಡುವ ಹುಡುಗರು. ಪರದೆಯ ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಲೆಕ್ಕವನ್ನು ಒಟ್ಟೊಟ್ಟಿಗೆ ಮಾಡುವುದು ಆ ಕಾರ್ಡಿನ ಕಸುಬು. ಇದೇ ಕಸುಬು ನ್ಯೂರಲ್ ನೆಟ್‌ವರ್ಕ್‌ಗೂ ಬೇಕು ಎಂಬುದು ಆಮೇಲೆ ತಿಳಿಯಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ ಮತ್ತು ಸಂಗಡಿಗರು ಚಿತ್ರಗಳನ್ನು ಗುರುತಿಸುವ ‘ಅಲೆಕ್ಸ್‌ನೆಟ್’ ಅನ್ನು ತರಬೇತುಗೊಳಿಸಿದ್ದು ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ. ಅವು ಅಂಗಡಿಯಲ್ಲಿ ಗೇಮ್ ಆಡುವವರಿಗೆಂದೇ ಮಾರುತ್ತಿದ್ದ ಕಾರ್ಡುಗಳು. ಈಗಿನ ಕೃತಕ ಬುದ್ಧಿಮತ್ತೆಯ ಭರಾಟೆ ಅಲ್ಲಿಂದ ಏರಿತು. ಮಗ ಗೇಮಿಗೆ ದುಡ್ಡು ಹಾಳು ಮಾಡುತ್ತಾನೆಂದು ಬೈದ ಮನೆಗಳ ಪಾಲೂ ಅದರಲ್ಲಿದೆ ಎನ್ನಬಹುದು. ಲಾಭದಲ್ಲಿ ಮಾತ್ರ ಪಾಲಿಲ್ಲ.

ಭಾರತದಲ್ಲಿ ಈ ಆಟಗಳು ಬಂದದ್ದು ಮುಂಬಾಗಿಲಿನಿಂದಲ್ಲ. ನಿಂಟೆಂಡೊದ 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳು ಬಣ್ಣಬಣ್ಣದ ಡಬ್ಬಿಗಳಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೂ ಜಾತ್ರೆಯ ಮಳಿಗೆಗಳಿಗೂ ಬಂದವು. ಜತೆಗೆ ಕೊಡುತ್ತಿದ್ದ ‘ಕ್ಯಾಸೆಟ್’ ಮೇಲೆ 9999999 ಇನ್ 1 ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಟೀವಿಯ ಆಂಟೆನಾ ತೂತಿಗೆ ತಂತಿ ಸಿಕ್ಕಿಸಿ, ಚಾನೆಲ್ ತಿರುಪು ಹಿಂದೆ ಮುಂದೆ ಮಾಡಿ, ಮಸುಕಿನಲ್ಲಿ ಮಾರಿಯೋ ಕಂಡ ಕೂಡಲೇ ಕೈ ತೆಗೆಯಬೇಕು. ಆಟ ಹತ್ತದಿದ್ದರೆ ಕ್ಯಾಸೆಟ್ ಕಿತ್ತು ಬುಡಕ್ಕೆ ಉಫ್ ಎಂದು ಊದಿ ಮತ್ತೆ ಹಾಕುವುದು ಎಲ್ಲರಿಗೂ ಗೊತ್ತಿದ್ದ ವೈದ್ಯ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ; ಕಿತ್ತು ಹಾಕಿದಾಗ ತಾಮ್ರದ ಪಟ್ಟಿಗಳು ಸರಿಯಾಗಿ ತಾಗಿ ಕೆಲಸ ಆಗುತ್ತಿತ್ತು. ಉಸಿರಿನ ತೇವದಿಂದ ಪಟ್ಟಿಗೆ ತುಕ್ಕು ಹಿಡಿಯುತ್ತದೆ, ಊದಬೇಡಿ ಎಂದು ನಿಂಟೆಂಡೊ ಹೇಳಿತ್ತು. ಯಾರೂ ಕೇಳಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಶಾಲೆಯ ಲ್ಯಾಬಿನಲ್ಲಿ ಟೀಚರ್ ಆಚೆ ಹೋದ ಕೂಡಲೇ ತೆರೆದುಕೊಳ್ಳುತ್ತಿದ್ದ ‘ಡೇಂಜರಸ್ ಡೇವ್’, ಸೈಬರ್ ಸೆಂಟರಿನ ‘ರೋಡ್ ರ‍್ಯಾಶ್’, ಸಾಲಾಗಿ ಕೂತು ಗಂಟೆ ಲೆಕ್ಕದಲ್ಲಿ ಆಡುತ್ತಿದ್ದ ‘ಕೌಂಟರ್ ಸ್ಟ್ರೈಕ್’ ಎಲ್ಲ ಈ ಕಾಲದವು. ಇವುಗಳಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಸ್ಥಾನ ಬೇರೆ. ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದರ ಮೇಲೆ ಒಂದೊಂದೇ ಚಿತ್ರ ಬಿಡಿಸಿ ರಾಜಕುಮಾರನನ್ನು ಮಾಡಿದ್ದರು. 1989ರ ಆಪಲ್ 2 ಕಂಪ್ಯೂಟರಿನಲ್ಲಿ ಇನ್ನೊಂದು ಪಾತ್ರಕ್ಕೆ ಜಾಗ ಉಳಿಯದಾಗ ಅದೇ ರಾಜಕುಮಾರನ ಚಿತ್ರವನ್ನು ಸ್ವಲ್ಪ ಸರಿಸಿ ಅದರ ಮೇಲೇ ಹಾಕಿ ಅವನ ನೆರಳನ್ನೇ ಶತ್ರುವಾಗಿಸಿದರು. ಡಾಸ್ ಆವೃತ್ತಿಯಲ್ಲಿ ಮೊದಲ ಸ್ಟೇಜ್ ಮುಗಿದ ಮೇಲೆ ಒಂದು ಕೋಣೆ ಬರುತ್ತದೆ, ಸಾಲಾಗಿ ಔಷಧದ ಸೀಸೆಗಳು, ಮೇಲೆ ಅಕ್ಷರಗಳು. ಆಟದ ಜತೆಗಿನ ಪುಸ್ತಕದ ಇಂಥ ಪುಟದ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆ ಕುಡಿಯಬೇಕು. ಫ್ಲಾಪಿಯಿಂದ ಫ್ಲಾಪಿಗೆ ಇಳಿದು ಬಂದ ಆಟಕ್ಕೆ ಪುಸ್ತಕ ಎಲ್ಲಿಯದು? ಕಳ್ಳರನ್ನು ಹಿಡಿಯಲು ಇಟ್ಟ ಬೋನು ಇಲ್ಲಿನ ಮಕ್ಕಳಿಗೆ ಅದೃಷ್ಟಪರೀಕ್ಷೆಯ ಸ್ಟೇಜ್ ಆಗಿ ಕಂಡಿತು. ಬುದ್ಧಿವಂತರು ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಒಳಹೊಕ್ಕು, ಶಿಫ್ಟ್ ಜತೆ ಎಲ್ ಒತ್ತಿ ಮುಂದಿನ ಸ್ಟೇಜಿಗೇ ಹೋಗುತ್ತಿದ್ದರು.

ನಕಲು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಲದ ಆಟ, ಅಸಲಿಯೋ ನಕಲಿಯೋ, ಕೈಗೆ ಬಂದ ಮೇಲೆ ಕೈಯಲ್ಲೇ ಇರುತ್ತಿತ್ತು. ಈಗ ಪೂರ್ತಿ ದುಡ್ಡು ಕೊಟ್ಟರೂ ಸಿಗುವುದು ಆಟವಲ್ಲ, ಆಡಲು ಪರವಾನಗಿ. 2014ರಲ್ಲಿ ಬಂದ ಯೂಬಿಸಾಫ್ಟ್‌ನ ‘ದಿ ಕ್ರೂ’ ಎಂಬ ಕಾರ್ ಆಟ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರ್ ಜತೆ ಸಂಪರ್ಕ ಕೇಳುತ್ತಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಕೊಂಡವರ ಬಳಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಇದರ ವಿರುದ್ಧ ಎದ್ದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಗೆ ಬಂದ ಕಾನೂನು, ಮಾರುತ್ತಿರುವುದು ಬರೀ ಪರವಾನಗಿಯಾದರೆ ಹಾಗೆಂದು ಮೊದಲೇ ಹೇಳಿ ಎನ್ನುತ್ತದೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಮೂಲ ಕೋಡ್ ಕೂಡ ಕಳೆದೇಹೋಗಿತ್ತು, 2012ರಲ್ಲಿ ಮೆಕ್ನರ್ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಹಳೆಯ ಫ್ಲಾಪಿಗಳು ಸಿಕ್ಕಿ ಉಳಿದುಕೊಂಡಿತು.

ಆಟಗಳಿಂದ ದಿನಬಳಕೆಯ ತಂತ್ರಜ್ಞಾನ ಕಲಿಯಬೇಕಾದದ್ದು ಬಹಳವಿತ್ತು. ಅದು ಆರಿಸಿಕೊಂಡದ್ದು ಮಾತ್ರ ಬಹುಮಾನದ ಡಬ್ಬಿಯನ್ನು. ‘ಕಾಂಟ್ರಾ’ ಆಟ ಶುರುವಿಗೇ ಮೂರು ಲೈಫ್ ಕೊಡುತ್ತದೆ; ಸಾಯದೆ ಆಡುವುದು ಆಟಗಾರರ ಜಾಣ್ಮೆ. ಆಗದಿದ್ದರೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ ಎ ಎಂದು ಒತ್ತಿದರೆ ಮೂವತ್ತು. ಈ ಕೋಡನ್ನು ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸಲು ತಾವೇ ಆಡಲಾರದೆ ಸೇರಿಸಿಕೊಂಡಿದ್ದರು; ಅದು ಬಾಯಿಂದ ಬಾಯಿಗೆ ಪುಕ್ಕಟೆ ಹರಡಿತು. 2012ರ ‘ಕ್ಯಾಂಡಿ ಕ್ರಶ್’ನಲ್ಲಿ ಐದು ಲೈಫ್, ಮುಗಿದರೆ ಒಂದೊಂದು ತುಂಬಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು, ಇಲ್ಲವೇ ನೆಂಟರಿಷ್ಟರನ್ನು ಕಾಡಬೇಕು. ಹಿಂದೆ ಚೀಟ್ ಕೋಡ್ ಆಗಿದ್ದದ್ದು ಈಗ ಸರಕು.

ಇದೇ ಚಾಳಿ ಆಟವಲ್ಲದ ಕಡೆಗೂ ಹಬ್ಬಿತು. 2019ರ ದೀಪಾವಳಿಯಲ್ಲಿ ಗೂಗಲ್ ಪೇ ಹಣತೆ, ಹೂವು, ಲಾಟೀನು, ಜುಮ್ಕಿ, ರಂಗೋಲಿ ಎಂಬ ಐದು ಸ್ಟಾಂಪ್ ಸೇರಿಸಿದವರಿಗೆ 251 ರೂಪಾಯಿ ಎಂದಿತು. ನಾಲ್ಕು ಹೇಗೋ ಕೂಡಿದವು, ರಂಗೋಲಿ ಸಿಗಲಿಲ್ಲ. ಮನೆ ಮುಂದೆ ದಿನಾ ರಂಗೋಲಿ ಇಡುವವರೂ ಫೋನಿನಲ್ಲಿ ರಂಗೋಲಿ ಹುಡುಕುತ್ತಾ, ಅದಕ್ಕೆಂದೇ ಬೇಡದ ಪೇಮೆಂಟ್ ಮಾಡುತ್ತಾ, ಗೊತ್ತಿದ್ದವರಲ್ಲೆಲ್ಲ ಕೇಳಿದರು. ಅದನ್ನು ಆಟ ಎನ್ನಲು ಹಳೆಯ ಆಟಗಾರರು ಒಪ್ಪುವುದಿಲ್ಲ. ಸ್ಕ್ರ್ಯಾಚ್ ಕಾರ್ಡ್ ಉಜ್ಜುವ ಬೆರಳಿನಲ್ಲಿ ಜಾಣ್ಮೆಗೆ ಕೆಲಸವಿಲ್ಲ. ಎಷ್ಟು ಸಲ ಉಜ್ಜಿದರೂ ಉಜ್ಜುವುದರಲ್ಲಿ ಯಾರೂ ಸುಧಾರಿಸುವುದಿಲ್ಲ. ಬಹುಮಾನ ಯಾವಾಗ ಬರುತ್ತದೆಂದು ಗೊತ್ತಾಗದಿದ್ದರೆ ಪ್ರಾಣಿ ಬಟನ್ ಒತ್ತುತ್ತಲೇ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ತೋರಿಸಿದ್ದು ಇದನ್ನೇ.

ನಿಲ್ಲಿಸುವ ಬಟನ್ ಕೂಡ ಆಟಗಳ ಕೊಡುಗೆಯೇ. ಜೆರ‍್ರಿ ಲಾಸನ್ ಮುಂದಾಳತ್ವದಲ್ಲಿ ತಯಾರಾಗಿ 1976ರಲ್ಲಿ ಬಂದ ಫೇರ್‌ಚೈಲ್ಡ್ ಚಾನೆಲ್ ಎಫ್ ಯಂತ್ರದಲ್ಲಿ ಆಟವನ್ನು ಇದ್ದಲ್ಲೇ ತಡೆಯಲು ‘ಹೋಲ್ಡ್’ ಬಟನ್ ಇತ್ತು. ‘ಪ್ರಿನ್ಸ್ ಆಫ್ ಪರ್ಷಿಯಾ’ಕ್ಕೆ 60 ನಿಮಿಷದ ಗಡುವು, ಗೆದ್ದರೂ ಸೋತರೂ ಅಲ್ಲಿಗೆ ಮುಗಿಯಿತು. ರೀಲ್ಸ್‌ಗೆ ಕೊನೆಯ ಸ್ಟೇಜ್ ಇಲ್ಲ. ಕೆಳಗೆ ಎಳೆದಷ್ಟೂ ಹೊಸದು ಬರುವ ಏರ್ಪಾಡನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್, ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು.

ಜೂಜು ಮತ್ತು ಆಟಗಳನ್ನು ಒಂದೇ ತಲೆಬರಹದಲ್ಲಿ ಹಾಕುವ ರೂಢಿಯಿಂದ ಆಟಗಾರರಿಗೆ ಬಹಳ ದಿನ ಕೆಟ್ಟ ಹೆಸರು ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಕೌಶಲವೋ ಅದೃಷ್ಟವೋ ಎಂದು ನೋಡದೆ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮನ್ನಣೆ ಕೊಟ್ಟಿತು. ಹಳೆಯ ಆಟಗಾರರು ಇದನ್ನು ಅರ್ಧ ಮನಸ್ಸಿನಿಂದ ಒಪ್ಪುತ್ತಾರೆ. ರಮ್ಮಿ ಆ್ಯಪ್ ಹೋದದ್ದಕ್ಕೆ ಬೇಸರವಿಲ್ಲ. ಒಳಗೇನಿದೆ ಎಂದು ತೋರಿಸದೆ ಮಕ್ಕಳಿಗೆ ಡಬ್ಬಿ ಮಾರುವ ಲೂಟ್ ಬಾಕ್ಸ್‌ಗಳು ಹಾಗೇ ಉಳಿದದ್ದು ಸರಿಯಲ್ಲ ಎಂಬುದು ಅವರ ತಕರಾರು. ಬೆಲ್ಜಿಯಂ 2018ರಲ್ಲೇ ಅವನ್ನು ಜೂಜು ಎಂದು ಕರೆದಿದೆ.

ಉಳಿದದ್ದು ಭಾಷೆಯ ಮಾತು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ‍್ಯಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. 2019ರಲ್ಲಿ ಅದು ‘ಜಿಟಿಎ’ ಮಾಡುವ ರಾಕ್‌ಸ್ಟಾರ್ ಪಾಲಾಯಿತು. ಜಗತ್ತಿನ ದೊಡ್ಡ ಆಟಗಳ ಕೆಲಸ ಕನ್ನಡ ನೆಲದಲ್ಲಿ ನಡೆಯುತ್ತದೆ, ಅವುಗಳಲ್ಲಿ ಕನ್ನಡವಿಲ್ಲ. ಇದಕ್ಕೆ ಮಾರುಕಟ್ಟೆಯ ಕಾರಣದ ಜತೆ ಇನ್ನೊಂದು ಕಾರಣವನ್ನೂ ಹೇಳುತ್ತಿದ್ದರು. ಗೇಮ್ ಮಾಡುವವರು ಹೆಚ್ಚಾಗಿ ಬಳಸುವ ಯೂನಿಟಿ ಎಂಜಿನ್‌ನ ಅಕ್ಷರ ವ್ಯವಸ್ಥೆ ವರ್ಷಗಟ್ಟಲೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲಿಲ್ಲ. ‘ಶಕ್ತಿ’ ಎಂದು ಬರೆದರೆ ತಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಪೂರಾ ‘ತ’ ಆಗಿ ನಿಂತು, ಗುಡಿಸು ಬೇರೆಯೇ ತೇಲುತ್ತಿತ್ತು. ಒಂದೊಂದು ಪದವನ್ನೂ ಚಿತ್ರವಾಗಿ ಬಿಡಿಸಿ ಅಂಟಿಸುವ ಕಷ್ಟ ಯಾರಿಗೆ ಬೇಕು? ಆದರೆ 2023ರ ಮಾರ್ಚ್‌ನಲ್ಲಿ ಬಂದ ಗೋಡೊ 4 ಎಂಬ ಉಚಿತ ಎಂಜಿನ್, ಆಂಡ್ರಾಯ್ಡ್ ಮತ್ತು ಕ್ರೋಮ್‌ಗಳಲ್ಲಿ ಕನ್ನಡ ಮೂಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನೇ ಒಳಗೆ ಇಟ್ಟುಕೊಂಡಿದೆ. ಅದರಲ್ಲಿ ಒತ್ತಕ್ಷರ ಒತ್ತಕ್ಷರವಾಗಿಯೇ ಬರುತ್ತದೆ, ಚಿಕ್ಕಾಸಿನ ಖರ್ಚೂ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಆಟ ಮಾಡುವವರು, ಕನ್ನಡಕ್ಕೆ ಸಾಫ್ಟ್‌ವೇರ್ ಬೆಂಬಲವಿಲ್ಲ ಎಂಬ ನೆಪವನ್ನು ಇನ್ನು ಮುಂದೆ ಹೇಳುವಂತಿಲ್ಲ.